ಎಟಿವಿ ಸಿಲಿಂಡರ್ ಸವೆದಿದೆ: ಬೋರ್ ಮಾಡಿಸುವುದೋ, ಲೈನರ್ ಹಾಕಿಸುವುದೋ, ಹೊಸದನ್ನೇ ತರಿಸುವುದೋ?

ಪ್ರಶ್ನೆ (ಮೂಡಿಗೆರೆ): ಗೊಬ್ಬರದ ಮೂಟೆ ಹೇರಲು ಮತ್ತು ಸಣ್ಣ ಟ್ರೈಲರ್ ಎಳೆಯಲು ಆರು ವರ್ಷಗಳಿಂದ ನಮ್ಮ ಕಾಫಿ ತೋಟದಲ್ಲಿ ಬಳಸುತ್ತಿರುವ 500 ಸಿಸಿ ಎಟಿವಿ (ದಪ್ಪ ಟೈರುಗಳ, ಹ್ಯಾಂಡಲ್ ಹಿಡಿದು ಓಡಿಸುವ ನಾಲ್ಕು ಚಕ್ರದ ಗಾಡಿ) ಈಗ ನೀಲಿ ಹೊಗೆ ಬಿಡುತ್ತಿದೆ, ಏರಿನಲ್ಲಿ ದಮ್ಮು ಕಟ್ಟುತ್ತಿದೆ. ಬಿಚ್ಚಿ ನೋಡಿದಾಗ ಸಿಲಿಂಡರಿನ ಒಳಮೈಯಲ್ಲಿ ಉದ್ದುದ್ದ ಗೀರುಗಳು ಕಂಡವು. ಒಬ್ಬ ಮೆಕ್ಯಾನಿಕ್ ಬೋರ್ ಮಾಡಿಸಿ (ಒಳಮೈಯನ್ನು ಕೊರೆದು ಅಗಲಿಸಿ) ಓವರ್‌ಸೈಜ್ (ತುಸು ದಪ್ಪನೆಯ) ಪಿಸ್ಟನ್ ಹಾಕೋಣ ಎನ್ನುತ್ತಾರೆ. ಇನ್ನೊಬ್ಬರು ಇದು ಕೋಟಿಂಗ್ (ಒಳಮೈಗೆ ತೆಳುವಾದ ಗಟ್ಟಿ ಲೇಪನವಿರುವ) ಸಿಲಿಂಡರ್, ಹೊಸದನ್ನೇ ತರಿಸಬೇಕು ಎನ್ನುತ್ತಾರೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಹಾಸನದಿಂದ, ಬೋರಿಂಗ್ ಕೆಲಸದವರು: ನಿಮ್ಮಲ್ಲಿರುವುದು ಯಾವ ಸಿಲಿಂಡರ್ ಎಂಬುದು ಮೊದಲು ಇತ್ಯರ್ಥವಾಗಬೇಕು. ಕಂಪನಿಯ ಹೆಸರು ನೋಡಿ ಇದನ್ನು ಹೇಳಲಾಗದು. ಹೋಂಡಾದ 400ಇಎಕ್ಸ್‌ನಲ್ಲಿ ಬೀಡು ಕಬ್ಬಿಣದ ಸ್ಲೀವ್ (ಸಿಲಿಂಡರಿನೊಳಗೆ ಕೂರಿಸಿದ ಕೊಳವೆ) ಇದ್ದರೆ, ಅದೇ ಹೋಂಡಾದ 450ಆರ್‌ನಲ್ಲಿ ಅಲ್ಯುಮಿನಿಯಂ ಮೇಲೆ ನೇರ ಲೇಪನವಿದೆ. ಸಿಲಿಂಡರನ್ನು ತಲೆಕೆಳಗು ಮಾಡಿ ಅಂಚನ್ನು ಒರೆಸಿ ನೋಡಿ: ಸ್ಲೀವ್ ಇದ್ದರೆ ಬೆಳ್ಳಗಿನ ಅಲ್ಯುಮಿನಿಯಂ ಒಳಗೆ ಕಪ್ಪುಬಣ್ಣದ ಬಳೆಯೊಂದು ಬೇರೆಯಾಗಿ ಕಾಣುತ್ತದೆ. ಅಯಸ್ಕಾಂತವನ್ನೂ ಇಟ್ಟು ನೋಡಬಹುದು, ಆದರೆ ಲೇಪನದಲ್ಲಿರುವ ನಿಕ್ಕಲ್ ಕೂಡ ತುಸು ಸೆಳೆಯುವುದರಿಂದ ಅದು ಗಟ್ಟಿಯಾಗಿ ಕಚ್ಚಿದರೆ ಮಾತ್ರ ಬೀಡು ಎಂದು ತಿಳಿಯಿರಿ.

ಬೀಡಿನದಾದರೆ ಚಿಂತೆಯಿಲ್ಲ, ಮೊದಲನೆಯ ಮೆಕ್ಯಾನಿಕ್ ಹೇಳಿದ್ದೇ ಸರಿ. ಲೇಪನದ್ದಾದರೆ ಲೆಕ್ಕ ಬೇರೆ. ನಿಕ್ಕಲ್ ಜೊತೆ ಸಿಲಿಕಾನ್ ಕಾರ್ಬೈಡ್ ಕಣಗಳನ್ನು ಸೇರಿಸಿ ಹಾಕುವ ನಿಕಾಸಿಲ್ ಪದರದ ದಪ್ಪ ಸಾಮಾನ್ಯವಾಗಿ 0.1 ಮಿ.ಮೀ.ಗಿಂತ ಕಡಿಮೆ, 0.25 ಮಿ.ಮೀ. ಓವರ್‌ಸೈಜ್‌ಗೆ ಬೋರ್ ಮಾಡಿದರೆ ಒಂದೊಂದು ಬದಿಯಲ್ಲಿ 0.125 ಮಿ.ಮೀ. ಹೋಗುತ್ತದೆ, ಅಂದರೆ ಲೇಪನ ಪೂರ್ತಿ ಕಿತ್ತು ಮೆದು ಅಲ್ಯುಮಿನಿಯಂ ಹೊರಬೀಳುತ್ತದೆ. ಅದರ ಮೇಲೆ ಪಿಸ್ಟನ್ ಓಡಿಸಿದರೆ ಸೀಜ್ ಆಗಲು (ಕಚ್ಚಿಕೊಂಡು ನಿಂತುಬಿಡಲು) ಬಹಳ ಹೊತ್ತು ಬೇಕಿಲ್ಲ. (1967ರಲ್ಲಿ ಜರ್ಮನಿಯ ಮಾಲೆ ಕಂಪನಿ ಈ ಲೇಪನವನ್ನು ಮೊದಲು ರೂಪಿಸಿದ್ದು ಪಿಸ್ಟನ್ನೇ ಇಲ್ಲದ ರೋಟರಿ ಎಂಜಿನ್ನಿಗಾಗಿ ಎಂಬುದು ತಮಾಷೆಯ ಸಂಗತಿ.) ಗೀರಿನ ಮೇಲೆ ಉಗುರು ಎಳೆದು ನೋಡಿ, ಉಗುರು ಸಿಕ್ಕಿಕೊಳ್ಳದಿದ್ದರೆ, ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಬೋರ್ ಗೇಜಿನಿಂದ ಅಳೆಸಿ, ಅಳತೆ ಸರ್ವಿಸ್ ಮ್ಯಾನ್ಯುಯಲ್‌ನ ಮಿತಿಯೊಳಗಿದ್ದರೆ ಹೊಸ ರಿಂಗುಗಳಲ್ಲೇ ಕೆಲಸ ಮುಗಿಯಬಹುದು.

ಸಕಲೇಶಪುರದಿಂದ: ನಮ್ಮದು ಲೇಪನದ ಸಿಲಿಂಡರೇ ಆಗಿತ್ತು, ಹೊಸದರ ಬೆಲೆ ಕೇಳಿ ಗಾಬರಿಯಾಗಿ ಬೀಡಿನ ಲೈನರ್ (ಹೊಸ ಸ್ಲೀವ್) ಹಾಕಿಸಿದೆವು. ಮೊದಲ ಸಲ ಹಾಕಿದವರು ಮೇಲ್ಭಾಗದಲ್ಲಿ ಕಾಲರ್ (ಕೆಳಗೆ ಜಾರದಂತೆ ತಡೆಯುವ ಅಂಚು) ಇಲ್ಲದ ಲೈನರನ್ನು ಬಡಿದು ಕೂರಿಸಿದ್ದರಿಂದ ಅದು ಬಿಸಿಗೆ ಕೆಳಗೆ ಜಾರಿ, ಹೆಡ್ ಗ್ಯಾಸ್ಕೆಟ್ ಎರಡು ಸಲ ಹೋಯಿತು. ಎರಡನೆಯವರು ಕಾಲರ್ ಇರುವ ಲೈನರ್ ಮಾಡಿಸಿ, ಸಿಲಿಂಡರನ್ನು ಓವನ್ನಿನಲ್ಲಿ ಚೆನ್ನಾಗಿ ಕಾಯಿಸಿ ಲೈನರನ್ನು ಇಳಿಬಿಟ್ಟರು. ಕೈಯಿಂದ ಒತ್ತಲೂ ಇಲ್ಲ, ತಾನಾಗಿ ಇಳಿದು ಟಕ್ಕೆಂದು ಕೂತಿತು. ಅಲ್ಯುಮಿನಿಯಂ ಬಿಸಿಗೆ ಬೀಡಿನ ಸುಮಾರು ಎರಡರಷ್ಟು ಹಿಗ್ಗುವುದರಿಂದ, ಪಿಸ್ಟನ್ನಿಗೆ ಮೊದಲಿನ ಬಿಗಿ ಅಂತರವನ್ನೇ ಇಡಬಾರದೆಂದು ಅವರು ಎಚ್ಚರಿಸಿದರು. ನಾಲ್ಕು ವರ್ಷವಾಯಿತು, ಓಡುತ್ತಿದೆ. ಲೈನರ್ ಶಾಖವನ್ನು ಅಷ್ಟು ಬೇಗ ಹೊರಗೆ ಬಿಡುವುದಿಲ್ಲ ಎಂಬುದು ನಿಜ, ಆದರೆ ತೋಟದಲ್ಲಿ ನಾವು ರೇಸ್ ಓಡಿಸುವುದಿಲ್ಲವಲ್ಲ.

ಅಮೆರಿಕದ ಮಿಷಿಗನ್‌ನಿಂದ: ಇಲ್ಲಿ ಸಿಲಿಂಡರನ್ನು ಅಂಚೆಯಲ್ಲಿ ಕಳುಹಿಸಿದರೆ ಹಳೆಯ ಲೇಪನ ತೆಗೆದು, ಆಳವಾದ ಗಾಯಕ್ಕೆ ವೆಲ್ಡಿಂಗ್ ತುಂಬಿ, ಮತ್ತೆ ಲೇಪಿಸಿ, ವಜ್ರದ ಹೋನಿಂಗ್ ಕಲ್ಲಿನಿಂದ ಪಿಸ್ಟನ್ನಿಗೆ ಹೊಂದಿಸಿ ಕೊಡುವವರಿದ್ದಾರೆ. ಮೂಲ ಅಳತೆಯ ಪಿಸ್ಟನ್ನೇ ಸಾಕಾಗುವುದರಿಂದ, ಸೌಲಭ್ಯ ಕೈಗೆಟಕುವವರಿಗೆ ನಾನು ಹೇಳುವುದು ಇದನ್ನೇ. ಅಲ್ಲಿಂದ ಇಲ್ಲಿಗೆ ಕಳುಹಿಸುವುದಾದರೆ ಸಾಗಣೆ ಮತ್ತು ಕಸ್ಟಮ್ಸ್ ಸೇರಿಸಿ ಲೆಕ್ಕ ಹಾಕಿ.

ಸೋಮವಾರಪೇಟೆಯಿಂದ: ಗೀರು ಬಂದದ್ದು ಏಕೆಂದು ಯಾರೂ ಕೇಳಲಿಲ್ಲ. ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಯೊಳಗೆ ಬೆರಳಾಡಿಸಿ ನೋಡಿ. ನಮ್ಮ ಗಾಡಿಯಲ್ಲಿ ಬೆರಳು ಧೂಳಿನಿಂದ ಕೆಂಪಾಗಿ ಬಂದಿತ್ತು. ಇಲಿ ಫಿಲ್ಟರಿನ ಫೋಮ್ ಕಡಿದು ರೂಪಾಯಿ ನಾಣ್ಯದಷ್ಟು ತೂತು ಮಾಡಿತ್ತು.

ಪ್ರಶ್ನೆ ಕೇಳಿದವರು: ಅಂಚಿನಲ್ಲಿ ಬಳೆ ಕಾಣಲಿಲ್ಲ, ಉಗುರು ಎರಡು ಕಡೆ ಸಿಕ್ಕಿಕೊಂಡಿತು, ಕೊಳವೆಯೊಳಗೆ ಧೂಳೂ ಇತ್ತು. ಕಾಲರ್ ಇರುವ ಲೈನರ್ ಹಾಕಿಸುವುದೆಂದು ತೀರ್ಮಾನಿಸಿದ್ದೇವೆ. ಸಿಲಿಂಡರನ್ನು ಸೋಮವಾರ ಹಾಸನಕ್ಕೆ ತರುತ್ತೇನೆ, ಫಿಲ್ಟರ್ ಇವತ್ತೇ ಬದಲಾಯಿತು.