1932 ಫೋರ್ಡ್ ಫೈವ್-ವಿಂಡೋ ಕೂಪೆ: ಹಳೇ ಹಾಟ್ ರಾಡ್‌ನ ತಪ್ಪುಗಳನ್ನು ಯಾವ ಕ್ರಮದಲ್ಲಿ ಸರಿಮಾಡಬೇಕು?

ಕೂಪೆ_ಪ್ರೇಮಿ

ಗಾಡಿ 1932ರ ಫೋರ್ಡ್ ಫೈವ್-ವಿಂಡೋ (ಮುಂದಿನ ಗಾಜು ಬಿಟ್ಟು ಐದು ಕಿಟಕಿಯ, ಎರಡು ಬಾಗಿಲಿನ ಕೂಪೆ), ಹಿಂದೆ ಯಾರೋ ಹಾಟ್ ರಾಡ್ ಮಾಡಿದ್ದು, ಅಂದರೆ ವೇಗಕ್ಕೂ ನೋಟಕ್ಕೂ ಮಾರ್ಪಡಿಸಿದ್ದು. ಟಾಪ್ 3 ಇಂಚು ಚಾಪ್ ಆಗಿದೆ (ಕಂಬ ಕತ್ತರಿಸಿ ಚಾವಣಿ ತಗ್ಗಿಸಿದ್ದು), ಬಾಡಿ ಫ್ರೇಮ್ ಮೇಲೆ 4 ಇಂಚು ಚಾನೆಲ್ ಆಗಿದೆ (ನೆಲ ಕತ್ತರಿಸಿ ಬಾಡಿಯನ್ನು ಫ್ರೇಮ್ ಸುತ್ತ ಕೆಳಗಿಳಿಸಿದ್ದು). ಎಂಜಿನ್ 8ಬಿಎ ಫ್ಲಾಟ್‌ಹೆಡ್ (ವಾಲ್ವ್‌ಗಳು ಬ್ಲಾಕ್‌ನಲ್ಲೇ ಇರೋ ಫೋರ್ಡ್ ವಿ8), ಮೇಲೆ ಎರಡು ಸ್ಟ್ರಾಂಬರ್ಗ್ 97 ಕಾರ್ಬುರೇಟರ್. ಮುಂದೆ ಡ್ರಾಪ್ಡ್ ಐ-ಬೀಮ್ ಆಕ್ಸಲ್ (ಗಾಡಿ ತಗ್ಗಲೆಂದು ಬಾಗಿಸಿದ ಗಟ್ಟಿ ಆಕ್ಸಲ್), ಸೀಳಿದ ವಿಶ್‌ಬೋನ್ (ಆಕ್ಸಲ್ ಅನ್ನು ಹಿಂದಕ್ಕೆ ಹಿಡಿಯೋ ವಿ-ಆಕಾರದ ಸರಳನ್ನು ಎರಡು ಮಾಡಿ ರೈಲ್‌ಗಳಿಗೆ ಕಟ್ಟಿದ್ದು), 1940ರ ಫೋರ್ಡ್ ಸ್ಪಿಂಡಲ್ (ಚಕ್ರ ಕೂರೋ ತಿರುಗುವ ಭಾಗ) ಮತ್ತು ಡ್ರಮ್ ಬ್ರೇಕ್. ಸ್ಟಿಯರಿಂಗ್‌ಗೆ ಯಾರೋ ಆಮೇಲೆ ಷೆವ್ರೊಲೆ ವೇಗಾ ಕಾರಿನ ಬಾಕ್ಸ್ ಕೂರಿಸಿ ಕ್ರಾಸ್-ಸ್ಟಿಯರ್ ಮಾಡಿದ್ದಾರೆ (ಸ್ಟಿಯರಿಂಗ್ ಸರಳು ಅಡ್ಡಲಾಗಿ ಬಲ ಚಕ್ರಕ್ಕೆ ಹೋಗುತ್ತೆ), ಆಕ್ಸಲ್ ಪಕ್ಕಕ್ಕೆ ಸರಿಯದಂತೆ ಹಿಡಿಯೋ ಪ್ಯಾನ್‌ಹಾರ್ಡ್ ರಾಡ್ ಇಲ್ಲ.

ತೊಂದರೆಗಳು: 45 ಮೈಲಿ ವೇಗದಲ್ಲಿ ಗುಂಡಿ ಸಿಕ್ಕರೆ ಮುಂದಿನ ಚಕ್ರಗಳು ಬಡಿದುಕೊಳ್ಳೋಕೆ ಶುರುಮಾಡುತ್ತವೆ. 20 ನಿಮಿಷ ಓಡಿಸಿದರೆ ನೀರು ಕುದಿಯುತ್ತೆ. ಬಲ ಬಾಗಿಲಿನ ಹಿಂಬದಿ ಅಂಚು 3/8 ಇಂಚು ಕೆಳಗಿದೆ. ಚಾಪ್ ಮಾಡಿದ ಕಂಬಗಳ ಹತ್ತಿರ ಪೇಂಟ್ ಗುಳ್ಳೆ ಎದ್ದಿದೆ. ಬ್ರೇಕ್ ಬಿಸಿಯಾದ ಮೇಲೆ ಹಿಡಿದುಕೊಳ್ಳುತ್ತೆ.

1950ರ ದಶಕದ ಆರಂಭದ ಗಾಡಿ ಹೇಗಿರುತ್ತಿತ್ತೋ ಹಾಗೇ ತರಬೇಕು ಅಂತ ಗುರಿ. ಯಾವುದನ್ನು ಮೊದಲು ಬಿಚ್ಚಲಿ? ಚಾನೆಲ್ ಉಳಿಸಲೋ, ತೆಗೆಯಲೋ?

---

ತಗಡು_ಸುತ್ತಿಗೆ

ಬಾಗಿಲಿಂದಲೂ ಬೇಡ, ಪೇಂಟಿಂದಲೂ ಬೇಡ. ಫ್ರೇಮ್‌ನಿಂದ ಶುರುಮಾಡಿ. ಫ್ರೇಮ್ ತಿರುಚಿದ್ದರೆ ಬಾಗಿಲಿಗೆ ಪಟ್ಟ ಶ್ರಮವೆಲ್ಲ ನೀರಲ್ಲಿ ಮಾಡಿದ ಹೋಮ.

ಬಾಡಿ ಇಳಿಸೋ ಮುಂಚೆಯೇ ಒಮ್ಮೆ ಅಳೆಯಿರಿ. ಗಾಡಿಯನ್ನು ನಾಲ್ಕು ಸ್ಟ್ಯಾಂಡ್ ಮೇಲೆ ಮಟ್ಟವಾಗಿ ನಿಲ್ಲಿಸಿ. ಫ್ರೇಮ್‌ನ ಎಡ, ಬಲ ಎರಡೂ ಉದ್ದ ತೊಲೆಗಳಲ್ಲಿ, ಅಂದರೆ ರೈಲ್‌ಗಳಲ್ಲಿರೋ ಕಾರ್ಖಾನೆಯ ಜೋಡಿ ತೂತುಗಳಿಂದ ತೂಗುಗುಂಡು ಇಳಿಬಿಟ್ಟು ನೆಲದ ಮೇಲೆ ಗುರುತು ಹಾಕಿ, ಆಮೇಲೆ ಮೂಲೆಯಿಂದ ಮೂಲೆಗೆ ಅಳೆಯಿರಿ. ಎರಡು ಕರ್ಣಗಳ ವ್ಯತ್ಯಾಸ 1/8 ಇಂಚು ದಾಟಬಾರದು. ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ದೂರ) ಎರಡೂ ಬದಿ 106 ಇಂಚು ಬರಬೇಕು. ಒಂದು ಬದಿ ಕಡಿಮೆ ಬಂದರೆ ಹಿಂದಿನ ಆಕ್ಸಲ್ ಓರೆಯಾಗಿ ಕೂತಿದೆಯೋ, ವಿಶ್‌ಬೋನ್ ಬ್ರಾಕೆಟ್ ತಪ್ಪಿದೆಯೋ ನೋಡಿ. ಆಮೇಲೆ ಫ್ರೇಮ್ ಮೇಲೆ ಅಡ್ಡಲಾಗಿ, ಮುಂದೆ ಒಂದು ಹಿಂದೆ ಒಂದು, ನೇರ ಪಟ್ಟಿ ಇಟ್ಟು ಕಣ್ಣಳತೆ ಮಾಡಿ. ಎರಡೂ ಒಂದಕ್ಕೊಂದು ಸಮಾನಾಂತರ ಕಾಣದಿದ್ದರೆ ಫ್ರೇಮ್ ತಿರುಚಿದೆ.

ರೈಲ್‌ಗಳನ್ನು ಬಾಕ್ಸ್ ಮಾಡಿಲ್ಲದಿದ್ದರೆ (ತೆರೆದ ಬದಿಗೆ ತಗಡು ಬೆಸೆದು ಮುಚ್ಚಿಲ್ಲದಿದ್ದರೆ) ಈಗಲೇ ಮಾಡಿ. ಆದರೆ ಫ್ರೇಮ್ ಅನ್ನು ಮೇಜಿಗೆ ಕ್ಲಾಂಪ್ ಮಾಡಿ, ಅಡ್ಡ ಪಟ್ಟಿಗಳನ್ನು ತಾತ್ಕಾಲಿಕವಾಗಿ ಬೆಸೆದ ಮೇಲೆಯೇ. ಒಂದು ಇಂಚು ವೆಲ್ಡ್ ಮಾಡಿ, ಇನ್ನೊಂದು ರೈಲ್‌ನ ಇನ್ನೊಂದು ತುದಿಗೆ ಹೋಗಿ. ಒಂದೇ ಎಳೆತದಲ್ಲಿ ಬೆಸೆದರೆ ಬಿಸಿಗೆ ರೈಲ್ ಬಾಳೆಕಾಯಿ ಥರ ಬಾಗುತ್ತೆ, ಆಮೇಲೆ ಅದನ್ನು ನೆಟ್ಟಗೆ ಮಾಡೋದು ಬಹಳ ಕಷ್ಟ.

ಚಾನೆಲ್ ವಿಷಯ: ನನ್ನ ಅಭಿಪ್ರಾಯ ತೆಗೆಯಿರಿ ಅಂತಲೇ. 1932ರ ಫ್ರೇಮ್‌ನ ಚೆಲುವು ಇರೋದೇ ರೈಲ್‌ನ ಹೊರಮೈಯಲ್ಲಿ ಒತ್ತಿದ ಆ ಗೆರೆಯಲ್ಲಿ. 4 ಇಂಚು ಬಾಡಿ ಇಳಿಸಿದರೆ ಅದೇ ಮುಚ್ಚಿಹೋಗುತ್ತೆ. ಜತೆಗೆ ಗ್ರಿಲ್ ಶೆಲ್ ಕೌಲ್‌ಗಿಂತ (ಬಾನೆಟ್‌ಗೂ ಬಾಗಿಲಿಗೂ ನಡುವಿನ ಬಾಡಿ ಭಾಗ) ಎತ್ತರ ನಿಲ್ಲುತ್ತೆ, ಬಾನೆಟ್ ಸಾಲು ಮುರಿಯುತ್ತೆ, ಫ್ರೇಮ್‌ನ ಹಿಂದಿನ ಕೊಂಬುಗಳ ನಡುವೆ ಕೂರಬೇಕಾದ ಟ್ಯಾಂಕ್‌ಗೆ ಜಾಗ ಸಿಗೋದಿಲ್ಲ. ಚಾಪ್ ಚೆನ್ನಾಗಿದ್ದರೆ ಅದನ್ನು ಮುಟ್ಟಬೇಡಿ.

ತೆಗೆಯೋದಾದರೆ ನೆಲಕ್ಕೆ ಕಟರ್ ಇಡೋ ಮುಂಚೆ ಎರಡೂ ಬಾಗಿಲ ಚೌಕಟ್ಟಿಗೆ ಒಳಗಿಂದ 1 ಇಂಚು ಚೌಕ ಪೈಪಿನ ಎಕ್ಸ್ ಬ್ರೇಸ್, ಕೌಲ್‌ನಿಂದ ಕೌಲ್‌ಗೆ ಅಡ್ಡ ಒಂದು, ಬಿ-ಕಂಬದಿಂದ (ಬಾಗಿಲ ಹಿಂದಿನ ಕಂಬ) ಬಿ-ಕಂಬಕ್ಕೆ ಇನ್ನೊಂದು. ಬಾಗಿಲುಗಳನ್ನು ತೂಗುಹಾಕಿ, ಸಂದು ಸರಿಯಿದ್ದಾಗಲೇ ಬ್ರೇಸ್ ಬೆಸೆಯಬೇಕು. ತಪ್ಪು ಸಂದಿನಲ್ಲೇ ಬಿಗಿದರೆ ತಪ್ಪನ್ನೇ ಖಾಯಂ ಮಾಡಿದ ಹಾಗೆ. ಹೊಸ ಸಬ್‌ರೈಲ್‌ಗಳನ್ನು (ಬಾಡಿಯ ತಳದ ಉದ್ದ ಪಟ್ಟಿಗಳು) ಫ್ರೇಮ್‌ಗೆ ಬೋಲ್ಟ್ ಮಾಡಿ, ಬಾಡಿಯನ್ನು ಅದರ ಮೇಲೆ ಇಳಿಸಿ, ಆಮೇಲೆ ಬೆಸೆಯಿರಿ.

ಬಲ ಬಾಗಿಲು: ಫೈವ್-ವಿಂಡೋದಲ್ಲಿ ಹಿಂಜ್ ಮುಂದಿರುತ್ತೆ. ಮೊದಲು ಹಿಂಜ್ ಪಿನ್ ಸವೆದಿದೆಯೋ ನೋಡಿ. ಬಾಗಿಲನ್ನು ಅರ್ಧ ತೆರೆದು ಹಿಂದಿನ ಅಂಚು ಹಿಡಿದು ಮೇಲೆತ್ತಿದರೆ ಗೊತ್ತಾಗುತ್ತೆ. ಪಿನ್ ಸರಿಯಿದ್ದರೆ ಬಾಡಿ ಮೌಂಟ್‌ನ ಶಿಮ್‌ಗಳಿಂದ (ಅಡಿಯಲ್ಲಿಡೋ ತೆಳು ತಗಡುಗಳು) ಸರಿಮಾಡಬಹುದು. ಹಿಂಜ್ ಕಂಬದ ಬುಡಕ್ಕೆ ಶಿಮ್ ಸೇರಿಸಿದರೆ ಕೌಲ್‌ನ ಮೂತಿ ಕೆಳಗಾಗಿ, ಬಾಗಿಲಿನ ಹಿಂಬದಿ ಏಳುತ್ತೆ. ಫೈರ್‌ವಾಲ್ ಕೆಳಗಿನ ಮೌಂಟ್ ಎತ್ತಿದರೆ ಬಾಗಿಲಿನ ಹಿಂಬದಿ ಇನ್ನಷ್ಟು ಇಳಿಯುತ್ತೆ. ಒಂದು ಸಲಕ್ಕೆ 1/16 ಇಂಚು, ಪ್ರತಿ ಸಲ ಬೋಲ್ಟ್ ಬಿಗಿದು ನೋಡಿ.

ಗುಳ್ಳೆ ಎದ್ದ ಕಂಬಗಳಲ್ಲಿ ಬಹುತೇಕ ಬೆಸುಗೆ ಮುಚ್ಚಲು ತುಂಬಿದ ಹಳೇ ಸೀಸ ಇರುತ್ತೆ. ಸೀಸ ಹಿಡಿಸಲು ಹಚ್ಚಿದ ಫ್ಲಕ್ಸ್‌ನ ಆಮ್ಲ ತೊಳೆಯದೆ ಉಳಿದರೆ ವರ್ಷಗಳ ನಂತರವೂ ಪೇಂಟ್ ಎತ್ತುತ್ತೆ. ಅದರ ಮೇಲೆ ಪುಟ್ಟಿ ಎಳೆದಿದ್ದರೆ ಪುಟ್ಟಿಯ ಅಂಚು ಉಗುರಿಗೇ ಎದ್ದುಬರುತ್ತೆ, ಕೆಳಗೆ ಬೂದು ಬಣ್ಣದ ಹೊಳಪು ಕಾಣುತ್ತೆ. ಪುಟ್ಟಿ ಪೂರ್ತಿ ತೆಗೆಯಿರಿ. ಸೀಸ ಗಟ್ಟಿಯಿದ್ದರೆ ಅಡುಗೆ ಸೋಡ ಕಲಸಿದ ನೀರಿಂದ ಉಜ್ಜಿ, ಬರೀ ನೀರಿಂದ ತೊಳೆದು, ಒಣಗಿಸಿ ಎಪಾಕ್ಸಿ ಪ್ರೈಮರ್ ಹೊಡೆಯಿರಿ. ಸೀಸವನ್ನು ಬಾಡಿ ಫೈಲ್‌ನಿಂದಲೇ ಕೆರೆಯಬೇಕು. ಗ್ರೈಂಡರ್, ಸ್ಯಾಂಡರ್ ಹಚ್ಚಲೇಬೇಡಿ, ಆ ಧೂಳು ವಿಷ.

---

ಕಿಂಗ್‌ಪಿನ್

ಚಕ್ರ ಬಡಿಯೋದಕ್ಕೆ ಸ್ಟಿಯರಿಂಗ್ ಡ್ಯಾಂಪರ್ ಹಾಕಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅದು ರೋಗ ಮುಚ್ಚುತ್ತೆ, ವಾಸಿಮಾಡೋದಿಲ್ಲ.

ಮುಂಭಾಗ ಜ್ಯಾಕ್ ಮಾಡಿ, ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಜತೆಗಾರರೊಬ್ಬರು ಬ್ರೇಕ್ ಒತ್ತಿ ಹಿಡಿಯಲಿ. ಆಗಲೂ ಸಡಿಲ ಕಂಡರೆ ಕಿಂಗ್‌ಪಿನ್ (ಸ್ಪಿಂಡಲ್ ಆಕ್ಸಲ್ ತುದಿಯಲ್ಲಿ ತಿರುಗೋ ಪಿನ್). ಬ್ರೇಕ್ ಒತ್ತಿದಾಗ ಮಾಯವಾದರೆ ವೀಲ್ ಬೇರಿಂಗ್. ಹೊಸ ಬುಶ್ ಒತ್ತಿದ ಮೇಲೆ ಮೇಲಿನದು, ಕೆಳಗಿನದು ಎರಡನ್ನೂ ಒಂದೇ ಉದ್ದ ರೀಮರ್‌ನಿಂದ ಒಂದೇ ಸಾಲಿನಲ್ಲಿ ರೀಮ್ ಮಾಡಬೇಕು. ಪಿನ್ ಹೆಬ್ಬೆರಳ ಒತ್ತಡಕ್ಕೆ ಇಳಿಯಬೇಕು, ತನ್ನಷ್ಟಕ್ಕೆ ಬೀಳಬಾರದು.

ಆಮೇಲೆ ಕ್ಯಾಸ್ಟರ್, ಅಂದರೆ ಪಕ್ಕದಿಂದ ನೋಡಿದಾಗ ಕಿಂಗ್‌ಪಿನ್‌ನ ಮೇಲ್ತುದಿ ಹಿಂದಕ್ಕೆ ವಾಲಿದ ಕೋನ. ಎರಡೂ ಬದಿ 6 ಡಿಗ್ರಿ ಹತ್ತಿರ ಇಟ್ಟುಕೊಳ್ಳಿ, ಬದಿಗಳ ವ್ಯತ್ಯಾಸ ಅರ್ಧ ಡಿಗ್ರಿ ಮೀರಬಾರದು. ಅಳತೆ ಗಾಡಿ ತನ್ನ ಪೂರ್ತಿ ತೂಕದಲ್ಲಿ, ಓಡಿಸೋ ಟೈರ್‌ಗಳ ಮೇಲೆಯೇ ನಿಂತಾಗ ಆಗಬೇಕು. ಹಿಂದೆ ದೊಡ್ಡ ಟೈರ್ ಹಾಕಿ ಮೂತಿ 2 ಡಿಗ್ರಿ ಬಾಗಿದರೆ ಕ್ಯಾಸ್ಟರ್ ಅಷ್ಟೇ 2 ಡಿಗ್ರಿ ಕಳೆಯುತ್ತೆ. ಎಷ್ಟೋ ಗಾಡಿಗಳ ಬಡಿತಕ್ಕೆ ಇದೇ ಕಾರಣ.

ಸೀಳಿದ ವಿಶ್‌ಬೋನ್‌ನಲ್ಲಿ ಹಿಂದಿನ ಅಡ್ಜಸ್ಟರ್ ತಿರುಗಿಸಿದರೆ ಕ್ಯಾಸ್ಟರ್ ಬದಲಾಗೋದಿಲ್ಲ, ಆಕ್ಸಲ್ ಹಿಂದೆ ಮುಂದೆ ಹೋಗುತ್ತೆ ಅಷ್ಟೇ. ಬ್ರಾಕೆಟ್‌ನ ಎತ್ತರ ಬದಲಿಸಬೇಕು. ಹಿಂದಿನ ತುದಿ ಇಳಿಸಿದರೆ ಕ್ಯಾಸ್ಟರ್ ಹೆಚ್ಚುತ್ತೆ. ಬೋನ್ 36 ಇಂಚು ಉದ್ದವಿದ್ದರೆ 1 ಡಿಗ್ರಿಗೆ ಸುಮಾರು 5/8 ಇಂಚು. ಟೋ-ಇನ್ (ಮುಂದಿನ ಚಕ್ರಗಳ ಮುಂಭಾಗ ಒಳಕ್ಕೆ ಬಾಗಿರೋ ಅಳತೆ) 1/16ರಿಂದ 1/8 ಇಂಚು. ಐ-ಬೀಮ್ ಇರೋದು ಒಳ್ಳೇದೇ. ಬೋನ್ ಸೀಳಿದ ಮೇಲೆ ಒಂದೇ ಚಕ್ರ ಏರಿದಾಗ ಆಕ್ಸಲ್ ತಿರುಚಿಕೊಳ್ಳಬೇಕಾಗುತ್ತೆ. ಐ-ಬೀಮ್ ತಿರುಚುತ್ತೆ, ಟ್ಯೂಬ್ ಆಕ್ಸಲ್ ತಿರುಚೋದಿಲ್ಲ, ಆ ಭಾರವೆಲ್ಲ ಬ್ರಾಕೆಟ್ ಬೆಸುಗೆಗೆ ಬಿದ್ದು ಬಿರುಕು ಬಿಡುತ್ತೆ.

ಸ್ಟಿಯರಿಂಗ್ ಬಾಕ್ಸ್: ವೇಗಾ 1970ರ ದಶಕದ್ದು, ನಿಮ್ಮ ಗುರಿಗೆ ಹೊಂದೋದಿಲ್ಲ. 1948–52ರ ಫೋರ್ಡ್ ಎಫ್-1 ಪಿಕಪ್‌ನ ಬಾಕ್ಸ್ ಹಾಕಿ, ಬಾಕ್ಸ್‌ನಿಂದ ಚಕ್ರಕ್ಕೆ ಹೋಗೋ ಸರಳು, ಅಂದರೆ ಡ್ರ್ಯಾಗ್ ಲಿಂಕ್, ಎಡ ರೈಲ್ ಉದ್ದಕ್ಕೆ ಓಡಲಿ. 1940ರ ಸ್ಪಿಂಡಲ್‌ನಲ್ಲಿ ಆ ಲಿಂಕ್ ಹಿಡಿಯೋ ಆರ್ಮ್ ಇರೋದಿಲ್ಲ, ಎಡಕ್ಕೆ ಪ್ರತ್ಯೇಕವಾಗಿ ಬೋಲ್ಟ್ ಮಾಡಬೇಕು. ಡ್ರ್ಯಾಗ್ ಲಿಂಕ್‌ನ ಹಿಂದಿನ ತುದಿ ಪಕ್ಕದಿಂದ ನೋಡಿದಾಗ ವಿಶ್‌ಬೋನ್ ಪಿವಟ್‌ನ ಆದಷ್ಟು ಹತ್ತಿರ ಬರಲಿ, ಆಗ ಬಂಪ್-ಸ್ಟಿಯರ್ (ಆಕ್ಸಲ್ ಏರಿಳಿದಾಗ ಚಕ್ರ ತಾನೇ ತಿರುಗೋದು) ಇರೋದಿಲ್ಲ ಅನ್ನುವಷ್ಟು ಕಡಿಮೆ. ಸದ್ಯ ವೇಗಾ ಬಾಕ್ಸ್‌ನಲ್ಲೇ ಓಡಿಸಬೇಕಾದರೆ ಪ್ಯಾನ್‌ಹಾರ್ಡ್ ಕಡ್ಡಾಯ. ಅಡ್ಡ ಸ್ಪ್ರಿಂಗ್‌ನ ತುದಿಯ ತೂಗು ಕೊಂಡಿ, ಅಂದರೆ ಶ್ಯಾಕಲ್ ಮೇಲೆ ಇಡೀ ಆಕ್ಸಲ್ ಪಕ್ಕಕ್ಕೆ ಸರಿಯುತ್ತೆ, ಪ್ರತಿ ಸರಿತವೂ ಸ್ಟಿಯರಿಂಗ್ ತಿರುಗಿಸಿದ ಹಾಗೆ. ರಾಡ್ ಫ್ರೇಮ್‌ಗೆ ಎಡದಲ್ಲಿ, ಆಕ್ಸಲ್‌ಗೆ ಬಲದಲ್ಲಿ. ಡ್ರ್ಯಾಗ್ ಲಿಂಕ್‌ಗೆ ಸಮಾನಾಂತರ, ಹೆಚ್ಚುಕಡಿಮೆ ಅಷ್ಟೇ ಉದ್ದ.

ಬ್ರೇಕ್: ಪುಶ್‌ರಾಡ್‌ಗೂ ಮಾಸ್ಟರ್ ಸಿಲಿಂಡರ್ ಪಿಸ್ಟನ್‌ಗೂ ನಡುವೆ ಸಡಿಲ ಇದೆಯೇ ನೋಡಿ. ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದೆ ಬರದೆ ಚಿಕ್ಕ ತೂತನ್ನು ಮುಚ್ಚಿಟ್ಟುಕೊಳ್ಳುತ್ತೆ. ಬಿಸಿಗೆ ಹಿಗ್ಗಿದ ದ್ರವಕ್ಕೆ ವಾಪಸ್ ದಾರಿಯಿಲ್ಲದೆ ಬ್ರೇಕ್ ಹಿಡಿಯುತ್ತೆ. ನೀವು ಹೇಳಿದ ಲಕ್ಷಣ ಇದೇ.

---

ನೀರ್‌ಜ್ಯಾಕೆಟ್

ಎಂಜಿನ್ ಬಗ್ಗೆ ಮಾತ್ರ ಹೇಳ್ತೀನಿ. ದೊಡ್ಡ ರೇಡಿಯೇಟರ್ ತರೋ ಮುಂಚೆ ಡಿಸ್ಟ್ರಿಬ್ಯೂಟರ್ ನೋಡಿ. 8ಬಿಎಯ ಮೂಲ ಡಿಸ್ಟ್ರಿಬ್ಯೂಟರ್‌ನಲ್ಲಿ ತೂಕದ ಅಡ್ವಾನ್ಸ್ (ವೇಗ ಏರಿದಂತೆ ತೂಕಗಳಿಂದ ಕಿಡಿಯನ್ನು ಬೇಗ ಹೊತ್ತಿಸೋ ವ್ಯವಸ್ಥೆ) ಇಲ್ಲ. ಪೂರ್ತಿ ಹೋಲಿ ಕಾರ್ಬುರೇಟರ್‌ನ ನಿರ್ವಾತವನ್ನೇ ನಂಬಿಕೊಂಡಿದೆ. ಸ್ಟ್ರಾಂಬರ್ಗ್ 97ರಲ್ಲಿ ಆ ಸಂಪರ್ಕವೇ ಇಲ್ಲ. ಹಾಗಾಗಿ ಟೈಮಿಂಗ್ ಮುಂದಕ್ಕೆ ಹೋಗೋದೇ ಇಲ್ಲ, ತಡವಾಗಿ ಉರಿದ ಗ್ಯಾಸ್ ಎಗ್ಸಾಸ್ಟ್‌ನಲ್ಲಿ ಬೆಂಕಿಯಾಗೇ ಹೊರಡುತ್ತೆ. ಫ್ಲಾಟ್‌ಹೆಡ್‌ನಲ್ಲಿ ಎಗ್ಸಾಸ್ಟ್ ದಾರಿ ಬ್ಲಾಕ್‌ನ ನೀರಿನ ಮಧ್ಯದಲ್ಲೇ ಹಾದುಹೋಗೋದರಿಂದ ಆ ಬಿಸಿಯೆಲ್ಲ ನೀರಿಗೆ. ಮೆಕ್ಯಾನಿಕಲ್ ಅಡ್ವಾನ್ಸ್ ಇರೋ ಡಿಸ್ಟ್ರಿಬ್ಯೂಟರ್ ಹಾಕಿ.

ಮುಂದಿನದು, ಎರಡು ಬ್ಯಾಂಕ್‌ಗೆ (ವಿ8ನ ಎರಡು ಸಿಲಿಂಡರ್ ಸಾಲು) ಎರಡು ಪಂಪ್, ಎರಡು ಥರ್ಮೋಸ್ಟಾಟ್. ಗೇಜ್ ಸೆಂಡರ್ ಒಂದೇ ಹೆಡ್‌ನಲ್ಲಿದ್ದರೆ ಇನ್ನೊಂದರ ಸ್ಥಿತಿ ಕಾಣೋದಿಲ್ಲ. ಇನ್‌ಫ್ರಾರೆಡ್ ಮಾಪಕದಿಂದ ಎರಡೂ ಮೇಲಿನ ಹೋಸ್ ಬಾಯಿಗಳನ್ನು ಅಳೆಯಿರಿ. ಒಂದೇ ಕಡೆ ಬಿಸಿಯಿದ್ದರೆ ಆ ಬದಿಯ ಪಂಪ್, ಥರ್ಮೋಸ್ಟಾಟ್ ಅಥವಾ ಗ್ಯಾಸ್ಕೆಟ್. 8ಬಿಎಗಿಂತ ಹಿಂದಿನ 59 ಸರಣಿಯ ಫ್ಲಾಟ್‌ಹೆಡ್‌ನ ಹೆಡ್‌ನಲ್ಲಿ ನೀರು ಹೊರಬರೋದು ನಡುವಿನಿಂದ, 8ಬಿಎಯಲ್ಲಿ ಮುಂದಿನಿಂದ. 59ರ ಗ್ಯಾಸ್ಕೆಟ್ 8ಬಿಎಗೆ ಹಾಕಿದರೆ ನೀರಿನ ದಾರಿ ತಪ್ಪುತ್ತೆ.

ಎರಡೂ ಕಡೆ ಬಿಸಿಯಿದ್ದರೆ ಹೆಡ್ ತೆಗೆದು, ಪಂಪ್ ಬಿಚ್ಚಿ, ಉದ್ದ ತಂತಿಯಿಂದ ಜ್ಯಾಕೆಟ್ ತಳ ಕೆದಕಿ. ತುಕ್ಕಿನ ಜತೆ ಎರಕದ ಕಾಲದ ಮರಳೂ ಗಟ್ಟಿಯಾಗಿ ಕೂತಿರುತ್ತೆ. ಬ್ಲಾಕ್ ಬರಿದಾದಾಗ ಮ್ಯಾಗ್ನೆಟಿಕ್ ಪರೀಕ್ಷೆ, ಪ್ರೆಶರ್ ಪರೀಕ್ಷೆ ಎರಡೂ ಮಾಡಿಸಿ. ಬೋಲ್ಟ್ ತೂತಿಂದ ನೀರಿನ ತೂತಿಗೆ ಸಣ್ಣ ಬಿರುಕಿದ್ದರೆ ಪಿನ್ ಹಾಕಿ ಉಳಿಸಬಹುದು. ವಾಲ್ವ್ ಸೀಟಿಂದ ಸಿಲಿಂಡರ್‌ಗೆ ಹೋಗಿದ್ದರೆ ಇನ್ನೊಂದು ಬ್ಲಾಕ್ ಹುಡುಕೋದೇ ಜಾಣತನ. ಹೆಡ್ ಬೋಲ್ಟ್‌ಗಳ ತೂತು ನೀರಿಗೆ ತೆರೆದಿರುತ್ತೆ, ಎಳೆಗಳಿಗೆ ಸೀಲಂಟ್ ಹಚ್ಚದೆ ಬಿಗಿಯಬೇಡಿ. 97ಗಳಿಗೆ ಪೆಟ್ರೋಲ್ ಒತ್ತಡ 2.5 ಪಿಎಸ್‌ಐ ಮೀರದಿರಲಿ.

---

ಕೂಪೆ_ಪ್ರೇಮಿ

ಮೂವರಿಗೂ ಧನ್ಯವಾದ. ಕರ್ಣದ ವ್ಯತ್ಯಾಸ 5/16 ಇಂಚು ಬಂತು, ಬಲ ಬದಿಯ ವೀಲ್‌ಬೇಸ್ ಕಡಿಮೆ ಇದೆ. ಪುಶ್‌ರಾಡ್‌ನಲ್ಲಿ ಸಡಿಲವೇ ಇರಲಿಲ್ಲ. ಕ್ಯಾಸ್ಟರ್ ಎಡ 3, ಬಲ 1.5 ಡಿಗ್ರಿ. ವಿಶ್‌ಬೋನ್ ಬ್ರಾಕೆಟ್‌ಗಳನ್ನು ಈಗಲೇ ಕತ್ತರಿಸಲೋ, ಫ್ರೇಮ್ ಸರಿಮಾಡಿದ ಮೇಲೋ?

---

ಕಿಂಗ್‌ಪಿನ್

ಫ್ರೇಮ್ ಮೊದಲು. ಬಲದ 1.5 ಡಿಗ್ರಿಯಲ್ಲಿ ಫ್ರೇಮ್‌ನ ಪಾಲೆಷ್ಟು, ಆಕ್ಸಲ್ ತಿರುಚಿದ ಪಾಲೆಷ್ಟು ಅಂತ ಈಗ ಬೇರೆಮಾಡೋಕೆ ಆಗೋದಿಲ್ಲ. ಫ್ರೇಮ್ ಮೇಜಿನ ಮೇಲೆ ನೆಟ್ಟಗಾದ ನಂತರ ಆಕ್ಸಲ್ ಒಂದನ್ನೇ ಬಿಚ್ಚಿ ಎರಡೂ ಕಿಂಗ್‌ಪಿನ್ ತೂತಿಗೆ ಉದ್ದ ಸರಳು ತೂರಿಸಿ ಪಕ್ಕದಿಂದ ನೋಡಿ. ಸರಳುಗಳು ಒಂದರ ಹಿಂದೊಂದು ಮರೆಯಾಗಬೇಕು. ಆಗದಿದ್ದರೆ ಆಕ್ಸಲ್ ಅನ್ನು ಪ್ರೆಸ್‌ನಲ್ಲಿ ತಣ್ಣಗಿದ್ದಾಗಲೇ ತಿರುಚಿ ಸರಿಮಾಡಿಸಿ, ಬೆಂಕಿ ಹಿಡಿಸಬೇಡಿ. ಬ್ರಾಕೆಟ್‌ಗಳು ಅದಾದ ಮೇಲೆ. ಮೊದಲು ಟ್ಯಾಕ್ ವೆಲ್ಡ್ ಮಾತ್ರ, ಪೂರ್ತಿ ಬೆಸುಗೆ ಗಾಡಿ ಚಕ್ರದ ಮೇಲೆ ಎಂಜಿನ್ ಸಮೇತ ನಿಂತು ಇನ್ನೊಮ್ಮೆ ಅಳೆದ ಮೇಲೆ.