ಪದಚರ್ಚೆ: ಕ್ರಿಪ್ಟೊ ವ್ಯವಹಾರದಲ್ಲಿ ‘ಗೋಪ್ಯತೆ’, ‘ಖಾಸಗಿತನ’, ‘ಅನಾಮಧೇಯ’ – ಯಾವುದು ಎಲ್ಲಿಗೆ ಸರಿ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ತುಮಕೂರಿನಲ್ಲಿ ತೆರಿಗೆ ಸಲಹೆಗಾರರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ರಿಟರ್ನ್ ಸಲ್ಲಿಸುವ ಕಾಲ ಬಂತೆಂದರೆ ಬಿಟ್‌ಕಾಯಿನ್ ಇಟ್ಟುಕೊಂಡ ಹುಡುಗರು ಶಿರಾ, ತಿಪಟೂರು ಕಡೆಯಿಂದಲೂ ಬರುತ್ತಾರೆ. ಈ ವ್ಯವಹಾರದಲ್ಲಿ ತಮ್ಮ ಸ್ವಂತ ವಿವರ ಬಯಲಾಗದಂತೆ ನೋಡಿಕೊಳ್ಳುವುದು ಹೇಗೆಂದು ಅವರಿಗಾಗಿ ಕನ್ನಡದಲ್ಲಿ ಸಣ್ಣ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಕೆಲವು ಪದಗಳ ಹತ್ತಿರ ಕೆಲಸ ನಿಂತಿದೆ. ನಿಮ್ಮ ಸಹಾಯ ಬೇಕು.

ಮೊದಲಿಗೆ ಹೆಸರನ್ನೇ ತೆಗೆದುಕೊಳ್ಳೋಣ. ಕ್ರಿಪ್ಟೊಕರೆನ್ಸಿಗೆ ‘ಗುಪ್ತ ನಾಣ್ಯ’, ‘ಗೂಢಲಿಪಿ ಹಣ’ ಎಂದು ಬರೆಯುವುದುಂಟು. ಇವೆರಡನ್ನೂ ಕೈಬಿಡಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಬಿಟ್‌ಕಾಯಿನ್ ವಹಿವಾಟನ್ನು ಯಾರೂ ಗೂಢಲಿಪಿಯಲ್ಲಿ ಬರೆಯುವುದಿಲ್ಲ. ಅಲ್ಲಿ ಕ್ರಿಪ್ಟೋಗ್ರಫಿ ಎಂಬ ಗಣಿತವಿದ್ಯೆ ಬೇಕಾಗುವುದು ಸಹಿ ಹಾಕಲಿಕ್ಕೆ ಮತ್ತು ಹಳೆಯ ಲೆಕ್ಕವನ್ನು ಯಾರೂ ತಿದ್ದದಂತೆ ಕಾಯಲಿಕ್ಕೆ. ಯಾವ ವಿಳಾಸದಿಂದ (ಹಣ ಪಡೆಯಲು ಕೊಡುವ ಅಕ್ಷರ-ಅಂಕಿಗಳ ಸಾಲು) ಯಾವ ವಿಳಾಸಕ್ಕೆ ಎಷ್ಟು ಹೋಯಿತು, ಯಾವ ಹೊತ್ತಿಗೆ ಹೋಯಿತು ಎಂಬುದೆಲ್ಲ 2009ರ ಜನವರಿ 3ರ ಮೊದಲ ಬ್ಲಾಕ್‌ನಿಂದ (ವಹಿವಾಟುಗಳ ಮೊದಲ ಕಂತೆಯಿಂದ) ಈವರೆಗೆ ತೆರೆದೇ ಇದೆ. ಬ್ಲಾಕ್ ಎಕ್ಸ್‌ಪ್ಲೋರರ್ ಪುಟದಲ್ಲಿ ವಿಳಾಸ ಅಂಟಿಸಿದರೆ ಸಾಕು, ಯಾರಿಗಾದರೂ ಕಾಣುತ್ತದೆ.

ನಮ್ಮಲ್ಲಿಗೆ ಬರುವ ಒಬ್ಬ ಹುಡುಗ ಹೊರದೇಶದವರಿಗೆ ಲೋಗೊ, ಪೋಸ್ಟರ್ ಮಾಡಿಕೊಡುತ್ತಾನೆ. ತನ್ನ ಫೋಟೊ, ಹೆಸರು, ಊರು ಇರುವ ಪುಟದಲ್ಲೇ ಬಿಟ್‌ಕಾಯಿನ್ ವಿಳಾಸವನ್ನೂ ಹಾಕಿದ್ದ. ಕೇಳಿದರೆ, ‘ಅದ್ರಲ್ಲಿ ಹೆಸ್ರೇ ಇರಲ್ಲ ಸಾರ್, ಗುಪ್ತ ಅಲ್ವಾ’ ಅಂದ. ಅವನ ಎದುರೇ ಆ ವಿಳಾಸವನ್ನು ಎಕ್ಸ್‌ಪ್ಲೋರರ್‌ನಲ್ಲಿ ಹಾಕಿ ತೋರಿಸಿದೆ. ಬಂದ ಪ್ರತಿ ಮೊತ್ತ, ತಾರೀಖು, ಗಂಟೆ, ಉಳಿದ ಬಾಕಿ, ಒಂದೂ ಬಿಡದೆ ಪರದೆಯ ಮೇಲೆ ಬಂತು. ಒಬ್ಬ ಗಿರಾಕಿ ಇದನ್ನು ನೋಡಿಕೊಂಡೇ ರೇಟು ಇಳಿಸಲು ಕೇಳಿದ್ದನಂತೆ, ಹುಡುಗನಿಗೆ ಅದು ಆಗ ಅರ್ಥವಾಯಿತು. ‘ಗುಪ್ತ’ ಎಂಬ ಮಾತನ್ನು ನಂಬಿದವನು ಅವನೊಬ್ಬನೇ ಅಲ್ಲ. ಆದ್ದರಿಂದ ಕೈಪಿಡಿಯಲ್ಲಿ ‘ಕ್ರಿಪ್ಟೊ’ ಎಂದೇ ಇಡುತ್ತೇನೆ.

ಇಲ್ಲಿಂದ ಮುಂದಿನದು ‘ಅನಾಮಧೇಯ’. ನಮ್ಮ ಕಡೆಯ ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲ್ ಮರೆಯಲ್ಲಿ ಬೆರಳು ಹಿಡಿದು ರೇಟು ಕುದುರಿಸುವುದನ್ನು ನೋಡಿದವರು ಇಲ್ಲಿ ಹಲವರಿರಬಹುದು. ಕೊಳ್ಳುವವ, ಮಾರುವವ ಎಲ್ಲರ ಕಣ್ಣೆದುರೇ ಇರುತ್ತಾರೆ, ಬೆಲೆ ಮಾತ್ರ ಮರೆಯಲ್ಲಿ. ಬಿಟ್‌ಕಾಯಿನ್‌ನಲ್ಲಿ ಇದು ತಿರುವುಮುರುವು: ಬೆಲೆ ಬಯಲಿನಲ್ಲಿ, ಆಳು ಮರೆಯಲ್ಲಿ. ಆದರೂ ಆಳನ್ನು ‘ಅನಾಮಧೇಯ’ ಎನ್ನಲಾಗದು. ವಿಳಾಸವೇ ಅವನ ಒಂದು ಹೆಸರು. ಕೋಲಾರ ಜಿಲ್ಲೆಯ ಮಾಸ್ತಿಯವರು ‘ಶ್ರೀನಿವಾಸ’ ಎಂಬ ಹೆಸರಿನಲ್ಲಿ ಬರೆದರು, ಅವರನ್ನು ಅನಾಮಧೇಯ ಲೇಖಕರೆಂದು ಯಾರೂ ಕರೆಯುವುದಿಲ್ಲ. ಆ ಹೆಸರು ಯಾರದೆಂದು ಒಮ್ಮೆ ತಿಳಿದರೆ ಅದರಡಿ ಬರೆದದ್ದೆಲ್ಲ ಯಾರದೆಂದು ತಿಳಿದಂತೆಯೇ. ವಿಳಾಸವೂ ಹಾಗೆ, ಒಮ್ಮೆ ನಿಮ್ಮ ಹೆಸರಿಗೆ ಗಂಟುಬಿದ್ದರೆ ಹಿಂದಿನದೂ ಮುಂದಿನದೂ ನಿಮ್ಮ ಲೆಕ್ಕಕ್ಕೆ.

ಇದಕ್ಕೆ ಕನ್ನಡದಲ್ಲಿ ಏನೆನ್ನೋಣ? ‘ಕಾವ್ಯನಾಮ’ ಹಣಕ್ಕೆ ಒಗ್ಗದು. ‘ಅಂಕಿತ’ ಎಂದರೆ ವಚನ ಓದಿದವರಿಗೆ ತಟ್ಟನೆ ಹೊಳೆಯುತ್ತದೆ, ಆದರೆ ಕಚೇರಿ ಕನ್ನಡದಲ್ಲಿ ಅಂಕಿತ ಎಂದರೆ ಸಹಿ, ರಾಜ್ಯಪಾಲರ ಒಪ್ಪಿಗೆ. ಈ ವಿಷಯದಲ್ಲಿ ಸಹಿ ಬೇರೆಯೇ ಇರುವುದರಿಂದ ಗೊಂದಲವಾಗುತ್ತದೆ. ‘ಹುಸಿಹೆಸರು’ ಅಂದರೆ ಮೋಸದ ವಾಸನೆ ಹೊಡೆಯುತ್ತದೆ. ನಾನು ‘ಮರೆಹೆಸರು’ ಎಂದು ಬರೆದಿದ್ದೇನೆ. ‘ಮರೆತ ಹೆಸರು’ ಎಂದು ಓದಿಕೊಳ್ಳುವ ಅಪಾಯವಿದೆಯೇ?

ಇನ್ನು ‘ಗೋಪ್ಯತೆ’, ‘ಖಾಸಗಿತನ’. ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಎತ್ತಿಹಿಡಿದ ಹಕ್ಕನ್ನು ಕನ್ನಡದಲ್ಲಿ ಎರಡೂ ಪದಗಳಿಂದ ಕರೆಯುತ್ತಾರೆ. ಇವುಗಳನ್ನು ಬೇರ್ಪಡಿಸಬೇಕು ಅನ್ನಿಸುತ್ತದೆ. ಸಚಿವರು ಸ್ವೀಕರಿಸುವುದು ‘ಅಧಿಕಾರ ಮತ್ತು ಗೋಪ್ಯತೆಯ ಪ್ರಮಾಣವಚನ’. ಅಲ್ಲಿ ಗೋಪ್ಯತೆ ಎಂದರೆ ಕೈಗೆ ಬಂದ ವಿಷಯವನ್ನು ಹೊರಗೆ ಬಿಡೆನು ಎಂಬ ಹೊಣೆ. ಖಾಸಗಿತನ ನನ್ನ ಹಕ್ಕು. ಗೋಪ್ಯತೆ, ನನ್ನ ವಿವರ ಇಟ್ಟುಕೊಂಡವರ ಕರ್ತವ್ಯ. ಕ್ರಿಪ್ಟೊ ಎಕ್ಸ್‌ಚೇಂಜ್‌ನವರು ಪ್ಯಾನ್, ಆಧಾರ್, ಫೋಟೊ ಪಡೆದೇ ಖಾತೆ ತೆರೆಯುತ್ತಾರೆ. 2023ರ ಮಾರ್ಚ್‌ನಿಂದ ಅವರು ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ವ್ಯಾಪ್ತಿಯಲ್ಲೂ ಇದ್ದಾರೆ. ಆ ದಾಖಲೆಗಳ ಗೋಪ್ಯತೆ ಅವರ ಹೊಣೆ.

ಈ ಎರಡು ಪದ ಕಲಸಿಹೋದರೆ ಇನ್ನೊಂದು ತೊಂದರೆ. ‘ಖಾಸಗಿತನ ಕಾಪಾಡಿಕೊಳ್ಳಿ’ ಎಂದರೆ ‘ತೆರಿಗೆಯಿಂದ ಬಚ್ಚಿಡಿ’ ಎಂದು ಕೆಲವರು ತಿಳಿಯುತ್ತಾರೆ. 2022ರ ಏಪ್ರಿಲ್ 1ರಿಂದ ಲಾಭಕ್ಕೆ ಶೇ 30 ತೆರಿಗೆ, ಅದೇ ವರ್ಷದ ಜುಲೈ 1ರಿಂದ ಶೇ 1 ಟಿಡಿಎಸ್ ಇದೆ. ಇಲಾಖೆಗೆ ತಿಳಿಸುವುದನ್ನು ತಿಳಿಸಲೇಬೇಕು. ನೆರೆಮನೆಯವರಿಗೂ ಗಿರಾಕಿಗೂ ಯಾರೋ ಕಳ್ಳನಿಗೂ ತಿಳಿಯಬೇಕಾಗಿಲ್ಲ. ಯಾರಿಗೆ ಎಷ್ಟು ತಿಳಿಯಬೇಕೆಂಬುದು ನನ್ನ ಕೈಯಲ್ಲಿರುವುದೇ ಖಾಸಗಿತನ. ಜತೆಗೆ, ‘ಗೋಪ್ಯತೆ’ಯೋ ‘ಗೌಪ್ಯತೆ’ಯೋ ಎಂದು ವ್ಯಾಕರಣ ಬಲ್ಲವರು ಹೇಳಿದರೆ ಉಪಕಾರ.

ನನ್ನನ್ನು ಹೆಚ್ಚು ಕಾಡಿದ್ದು ಚಿಕ್ಕದೊಂದು ಪದ. ಕೈಗೆ ಸಿಕ್ಕ ಒಂದು ಅನುವಾದದಲ್ಲಿ ಇಂಗ್ಲಿಷಿನ ‘ಚೇಂಜ್ ಅಡ್ರೆಸ್’ಗೆ ‘ಬದಲಾವಣೆ ವಿಳಾಸ’ ಎಂದಿತ್ತು. ಓದಿದವರು ‘ವಿಳಾಸ ಬದಲಾಯಿಸಬೇಕಂತೆ’ ಅಂದುಕೊಳ್ಳುತ್ತಾರೆ. ವಿಷಯ ಅದಲ್ಲ, ಇದು ಚಿಲ್ಲರೆ. ನಿಮ್ಮ ಹತ್ತಿರ 0.5 ಬಿಟ್‌ಕಾಯಿನ್‌ನ ಒಂದು ಇಡಿ ತುಣುಕಿದೆ, ಅಂಗಡಿಯವನಿಗೆ 0.1 ಕೊಡಬೇಕು ಎನ್ನಿ. ತುಣುಕು ಪೂರ್ತಿ ಖರ್ಚಾಗಬೇಕು: 0.1 ಅವನಿಗೆ, ಶುಲ್ಕ ಕಳೆದು ಉಳಿದದ್ದು ನಿಮ್ಮದೇ ಇನ್ನೊಂದು ಹೊಸ ವಿಳಾಸಕ್ಕೆ. ಅದು ‘ಚಿಲ್ಲರೆ ವಿಳಾಸ’. ಹಾಗೆಂದ ಕೂಡಲೇ ಖಾಸಗಿತನದ ಪಾಠವೂ ಸಲೀಸಾಗುತ್ತದೆ. ಚಿಲ್ಲರೆ ಹಳೆಯ ವಿಳಾಸಕ್ಕೇ ಬಂದರೆ ಉಳಿದ ಹಣ ಯಾರದೆಂದು ನೋಡುವವರಿಗೆ ಸ್ಪಷ್ಟ. ಬೇರೆ ಬೇರೆ ಕಡೆಯಿಂದ ಬಂದ ತುಣುಕುಗಳನ್ನು ಒಟ್ಟು ಸೇರಿಸಿ ಒಂದೇ ಪಾವತಿಗೆ ಕೊಟ್ಟರೆ, ಅವೆಲ್ಲ ಒಬ್ಬರದೇ ಎಂಬುದು ಬಯಲು. ಸತೋಶಿ ನಕಮೊಟೊ ಹೆಸರಿನಲ್ಲಿ 2008ರಲ್ಲಿ ಬಂದ ಬಿಟ್‌ಕಾಯಿನ್‌ನ ಮೂಲ ಬರಹದಲ್ಲೇ ಈ ಕುಂದನ್ನು ಒಪ್ಪಿಕೊಂಡಿದೆ. ಪ್ರತಿ ವಹಿವಾಟಿಗೂ ಹೊಸ ಕೀ ಜೋಡಿ (ವಿಳಾಸಕ್ಕೆ ಆಧಾರವಾದ ಒಂದು ಕೀ, ಸಹಿ ಹಾಕಲು ಯಾರಿಗೂ ತೋರಿಸದ ಇನ್ನೊಂದು), ಅಂದರೆ ಹೊಸ ವಿಳಾಸ, ಬಳಸಿ ಎಂಬ ಸಲಹೆಯೂ ಅಲ್ಲೇ ಇದೆ. ಡಿಸೈನ್ ಹುಡುಗನಿಗೂ ನಾನು ಹೇಳಿದ್ದು ಅದೇ: ಪುಟದಿಂದ ವಿಳಾಸ ತೆಗೆ, ಪ್ರತಿ ಗಿರಾಕಿಗೂ ವಾಲೆಟ್‌ನಿಂದ (ಕೀಗಳನ್ನು ಇಟ್ಟುಕೊಳ್ಳುವ ಆ್ಯಪ್) ಹೊಸದು ಕೊಡು.

ಇಂಗ್ಲಿಷಿನ ‘ರಿಂಗ್ ಸಿಗ್ನೇಚರ್’ಗೆ ‘ಉಂಗುರ ಸಹಿ’ ಎಂಬುದಕ್ಕೂ ನನ್ನ ತಕರಾರಿದೆ. ಮೊನೆರೊ ಎಂಬ ನಾಣ್ಯದಲ್ಲಿ ಕಳಿಸಿದವನ ಸಹಿ ಒಂದು ಗುಂಪಿನೊಳಗೆ ಬೆರೆತಿರುತ್ತದೆ, ಗುಂಪಿನಲ್ಲಿ ಯಾರು ಸಹಿ ಹಾಕಿದರೆಂದು ಹೊರಗಿನವರು ಬೊಟ್ಟುಮಾಡಿ ಹೇಳಲಾರರು. ನಮಗೆ ಉಂಗುರವೆಂದರೆ ಹನುಮಂತ ಸೀತೆಗೆ ತೋರಿಸಿದ ಮುದ್ರೆಯುಂಗುರ, ಗುರುತು ಹಿಡಿಸುವ ವಸ್ತು. ಅರ್ಥ ನೇರ ಉಲ್ಟಾ ಆಗುತ್ತದೆ. ‘ಬಳಸುಸಹಿ’ (ಬಳಸು ಎಂದರೆ ಸುತ್ತು), ‘ವರ್ತುಲ ಸಹಿ’ ಎರಡರಲ್ಲಿ ಯಾವುದಾದೀತು? ಹಲವರ ವಹಿವಾಟನ್ನು ಒಂದುಗೂಡಿಸುವ, ಗ್ರೆಗರಿ ಮ್ಯಾಕ್ಸ್‌ವೆಲ್ 2013ರಲ್ಲಿ ಸೂಚಿಸಿದ ಕಾಯಿನ್‌ಜಾಯಿನ್‌ಗೆ ‘ಕಲಬೆರಕೆ’ ಅನ್ನುವುದಂತೂ ಬೇಡ, ಹಾಲಿಗೆ ನೀರು ಬೆರೆಸಿದ ಮಾತಾಗುತ್ತದೆ.

ವಾಲೆಟ್ ಮರಳಿ ಪಡೆಯುವ 12 ಅಥವಾ 24 ಪದಗಳಿಗೆ ‘ಬೀಜಪದ’ ಎಂದಿಟ್ಟಿದ್ದೇನೆ. ‘ಬೀಜಾಕ್ಷರ’ದ ನೆನಪಿನಿಂದ, ಎಲ್ಲರೆದುರು ಆಡಬಾರದ್ದೆಂಬ ಭಾವ ತಾನಾಗಿ ಬರುತ್ತದೆ. ಒಂದು ಎಚ್ಚರಿಕೆ: ಆ ಪದಗಳು 2048 ಪದಗಳ ಒಂದು ಇಂಗ್ಲಿಷ್ ಪಟ್ಟಿಯಿಂದ ಬರುತ್ತವೆ, ಕನ್ನಡದ ಪಟ್ಟಿ ಇಲ್ಲ. ಕನ್ನಡ ಲಿಪಿಯಲ್ಲಿ ‘ರೈಟ್’ ಎಂದು ಬರೆದಿಟ್ಟರೆ, ಬಲಗಡೆಯ ರೈಟೋ ಬರೆಯುವ ರೈಟೋ ತಿಳಿಯದು. ಎರಡೂ ಆ ಪಟ್ಟಿಯಲ್ಲಿವೆ. ಇಂಗ್ಲಿಷ್ ಅಕ್ಷರದಲ್ಲೇ, ಕಾಗದದ ಮೇಲೆ ಬರೆದಿಡಬೇಕು, ಫೋಟೊ ತೆಗೆಯಬಾರದು.

ಕೊನೆಯ ಪ್ರಶ್ನೆ ಕೋಲಾರ, ಚಿಂತಾಮಣಿ, ಬಾಗೇಪಲ್ಲಿ ಕಡೆಯವರಿಗೆ. ‘ಗುಟ್ಟು’ ಎಂದರೆ ನಮ್ಮಲ್ಲಿ ಬರೀ ರಹಸ್ಯ. ತೆಲುಗಿನಲ್ಲಿ ಅದಕ್ಕೆ ಮನೆಯ ವಿಷಯ ಮನೆಯೊಳಗೇ ಇಟ್ಟುಕೊಂಡು ಮರ್ಯಾದೆಯಿಂದ ಬಾಳುವ ಅರ್ಥವೂ ಇದೆ. ನಿಮ್ಮ ಮನೆಗಳ ಕನ್ನಡದಲ್ಲಿ ‘ಗುಟ್ಟಾಗಿ ಬಾಳು’ ಎಂಬ ಬಳಕೆ ಇದೆಯೇ? ಹಿರಿಯರು ಅದನ್ನು ಹೊಗಳಿಕೆಯಾಗಿ ಆಡುತ್ತಾರೋ, ಅನುಮಾನದಿಂದ ಆಡುತ್ತಾರೋ? ಹೊಗಳಿಕೆಯೇ ಆದರೆ, ವಾಲೆಟ್‌ನ ‘ಖಾಸಗಿ ಕೀ’ ಎಂಬುದನ್ನು ‘ಗುಟ್ಟಿನ ಕೀಲಿ’ ಎಂದು ಬದಲಿಸಲು ನಾನು ತಯಾರು. ಬಳಕೆಯ ವಾಕ್ಯವೊಂದನ್ನು, ಯಾವ ಊರಿನಲ್ಲಿ ಕೇಳಿದ್ದೆಂಬುದರ ಸಮೇತ ಬರೆದು ತಿಳಿಸಿ.