ಮಿನಿಸ್ಕ್ರೂ ಯಾವುದು ತಗೊಳ್ಳೋದು? 1.3 ಮಿ.ಮೀ. ಸಾಕಾ, 1.6 ಬೇಕಾ?

ಪ್ರಶ್ನೆ: ಹೊಸದಾಗಿ ಹಲ್ಲಿನ ಸಾಲು ಸರಿಮಾಡುವ ಕ್ಲಿನಿಕ್ ಶುರು ಮಾಡಿದ್ದೇನೆ. ಹಲ್ಲು ಎಳೆಯೋಕೆ ಆಧಾರವಾಗಿ ದವಡೆ ಮೂಳೆಗೆ ಕೂರಿಸುವ ಪುಟ್ಟ ಮಿನಿಸ್ಕ್ರೂ ಬಗ್ಗೆ ಕೇಳ್ತಿದ್ದೇನೆ. ಪಿಜಿ ಓದುವಾಗ ಡಿಪಾರ್ಟ್‌ಮೆಂಟಿನಲ್ಲಿ ಕೊಟ್ಟ ಸ್ಕ್ರೂ ಹಾಕಿದ್ದಷ್ಟೇ, ಈಗ ಸ್ವಂತ ದುಡ್ಡಲ್ಲಿ ಕಿಟ್ ತಗೋಬೇಕು. ಪ್ರಿಮೋಲಾರ್ (ಕೋರೆಹಲ್ಲಿನ ಹಿಂದಿನ ಹಲ್ಲು) ತೆಗೆಸಿ ಮುಂದಿನ ಹಲ್ಲು ಹಿಂದಕ್ಕೆ ಎಳೆಯುವ ಕೇಸ್‌ಗಳೇ ಜಾಸ್ತಿ. ಅನುಭವ ಇರುವವರು ಹೇಳಿ.

ಉತ್ತರ 1: ನಾನು ಪೆಟ್ಟು ತಿಂದ ಕಥೆ ಹೇಳ್ತೀನಿ ಡಾಕ್ಟ್ರೇ. ಕೆಳದವಡೆ, ನಡುವಿನಿಂದ ಎಣಿಸಿದರೆ 5 ಮತ್ತು 6ನೇ ಹಲ್ಲಿನ ಮಧ್ಯೆ, 1.3 ಮಿ.ಮೀ. ಸ್ಕ್ರೂ. ಸೆಲ್ಫ್ ಡ್ರಿಲ್ಲಿಂಗ್ (ತಾನೇ ಮೂಳೆ ಕೊರೆದು ಹೋಗುವಂಥದ್ದು) ಅಲ್ವಾ ಅಂತ ಪೈಲಟ್ ಹೋಲ್ (ಮೊದಲೇ ಕೊರೆಯುವ ಸಣ್ಣ ತೂತು) ಮಾಡಲಿಲ್ಲ. ಹುಡುಗನ ಮೂಳೆ ಕಲ್ಲಿನ ಹಾಗಿತ್ತು. ಕೊನೆಗೆ ಬಿಗಿಯಾಗ್ತಿದೆ ಅಂತ ಕೈಗೆ ಗೊತ್ತಾಯಿತು, ಆದರೂ ಇನ್ನರ್ಧ ಸುತ್ತು ಅಂತ ತಿರುಗಿಸಿದೆ. ಟಿಕ್ ಅಂತು, ಡ್ರೈವರ್ ಹಗುರವಾಯಿತು, ನೋಡಿದರೆ ಸ್ಕ್ರೂ ತಲೆ ಡ್ರೈವರ್‌ನಲ್ಲೇ ಇದೆ. ಕುತ್ತಿಗೆ ಹತ್ತಿರ, ಮರೆ (ಸ್ಕ್ರೂವಿನ ಸುರುಳಿ ಏಣು) ಶುರುವಾಗುವ ಜಾಗದಲ್ಲಿ ಮುರಿದಿತ್ತು. ತುಂಡು ತೆಗೆಯೋಕೆ ಸರ್ಜನ್ ಸ್ನೇಹಿತರನ್ನು ಕರೆಸಿದೆ. ಆ ಹುಡುಗನ ತಾಯಿಗೆ ವಿವರಿಸೋದು ಅದಕ್ಕಿಂತ ಕಷ್ಟವಾಯಿತು.

ಆಮೇಲೆ ಲೆಕ್ಕ ಹಾಕಿದೆ. ತಿರುಚುವಾಗ ತಡೆಯುವ ಶಕ್ತಿ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತೆ, ಅಂದರೆ 1.3 ಬಿಟ್ಟು 1.6ಕ್ಕೆ ಹೋದರೆ ಹೆಚ್ಚುಕಮ್ಮಿ 1.9 ಪಟ್ಟು. ಆದರೆ ಪ್ಯಾಕೆಟ್ ಮೇಲಿರೋದು ಮರೆ ಸೇರಿಸಿದ ಹೊರ ಅಳತೆ. ಮುರಿಯೋದು ಒಳಗಿನ ಕೋರ್, ಅಂದರೆ ಮರೆ ಬಿಟ್ಟು ಉಳಿಯುವ ನಡುವಿನ ಕಡ್ಡಿ. ಹಾಗಾಗಿ ಎರಡು ಕಂಪನಿಯ 1.6 ಒಂದೇ ಗಟ್ಟಿ ಇರಬೇಕಂತಿಲ್ಲ. ಡೀಲರ್ ಹತ್ತಿರ ಕೋರ್ ವ್ಯಾಸ ಕೇಳಿ, ಗೊತ್ತಿಲ್ಲ ಅಂದರೆ ಕ್ಯಾಟಲಾಗ್ ತರಿಸಿ. ದಪ್ಪಗಿದ್ದರೆ ಒಳ್ಳೇದು ಅಂತ 2 ಮಿ.ಮೀ. ಸ್ಕ್ರೂ ಬೇರುಗಳ ಮಧ್ಯೆ ಹಾಕೋಕೂ ಹೋಗಬೇಡಿ, ಬೇರಿಗೆ ತಾಗುತ್ತೆ. ನಿಮ್ಮ ಕೇಸ್‌ಗಳಿಗೆ 1.5 ಅಥವಾ 1.6, ಉದ್ದ 8 ಮಿ.ಮೀ. ಸಾಕು.

ಉತ್ತರ 2: ಮೇಲಿನವರು ಹೇಳಿದ್ದು ಸರಿ, ಒಂದು ಸೇರಿಸ್ತೀನಿ. ಬಿಗಿ ಜಾಸ್ತಿ ಆದಷ್ಟೂ ಗಟ್ಟಿ ನಿಲ್ಲುತ್ತೆ ಅನ್ನೋದು ತಪ್ಪು. ಜಪಾನಿನ ಮೊಟೊಯೋಶಿ ಮತ್ತು ಜೊತೆಗಾರರು 2006ರಲ್ಲಿ 1.6 ಮಿ.ಮೀ. ಸ್ಕ್ರೂಗಳಿಗೆ ಹೇಳಿದ್ದು 5ರಿಂದ 10 ನ್ಯೂಟನ್ ಸೆಂಟಿಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಅದಕ್ಕಿಂತ ಜಾಸ್ತಿ ಆದರೆ ಸುತ್ತಲಿನ ಮೂಳೆ ನಲುಗುತ್ತೆ, ಆಮೇಲೆ ಸ್ಕ್ರೂ ಅಲ್ಲಾಡುತ್ತೆ. ತುದಿಗೆ ಚೂಪಾಗುತ್ತಾ ಹೋಗುವ ಟೇಪರ್ ಸ್ಕ್ರೂ ಮೇಲ್ದವಡೆಯ ಮೆತ್ತನೆ ಮೂಳೆಯಲ್ಲಿ ಚೆನ್ನಾಗಿ ಕಚ್ಚುತ್ತೆ, ಆದರೆ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿದರೂ ಹಿಡಿತ ಸಡಿಲ. ಕೆಳಗಿನ ಗಟ್ಟಿ ಮೂಳೆಗೆ ಯಾವ ಸ್ಕ್ರೂ ಆದರೂ ಮೊದಲು ಹೊರಪದರಕ್ಕೆ ಒಂದು ಸಣ್ಣ ತೂತು ಮಾಡಿಕೊಳ್ಳಿ, ಸಲೈನ್ ಬಿಡುತ್ತಾ ನಿಧಾನಕ್ಕೆ. ಸುಮ್ನೆ ಹಠ ಬೇಡ.

ಸ್ಟೀಲ್ ಸ್ಕ್ರೂ ಈಗಲೇ ಬೇಡ. ಅದು ಟೈಟಾನಿಯಂ ಅಲಾಯ್‌ಗಿಂತ ಹತ್ತಿರಹತ್ತಿರ ಎರಡರಷ್ಟು ಬಿರುಸು, ಸುಲಭಕ್ಕೆ ಬಾಗಲ್ಲ. ಬಕಲ್ ಶೆಲ್ಫ್ (ಕೆಳಗಿನ ದವಡೆಹಲ್ಲುಗಳ ಹೊರಬದಿಯ ಮೂಳೆ), ಐಝಡ್‌ಸಿಗೆ (ಕೆನ್ನೆಮೂಳೆ ಕೆಳಗಿನ ಮೇಲ್ದವಡೆಯ ಏಣು) 2 ಮಿ.ಮೀ. ದಪ್ಪದ್ದು ಹಾಕುವಾಗ ಬೇಕಾಗುತ್ತೆ. ಆಗಲೂ ನಿಕ್ಕಲ್ ಅಲರ್ಜಿ ಇದೆಯಾ ಅಂತ ಕೇಳೋದು ಮರೀಬೇಡಿ.

ಉತ್ತರ 3: ಎಲ್ಲರೂ ಮರೆ, ಟಾರ್ಕ್ ಅಂತಾರೆ, ತಲೆ ಬಗ್ಗೆ ಯಾರೂ ಹೇಳಲ್ಲ. ನನಗೆ ತೊಂದರೆ ಕೊಟ್ಟಿದ್ದು ಅದೇ. ಕಾಲರ್ (ತಲೆ ಕೆಳಗೆ ವಸಡಿನೊಳಗೆ ಇರುವ ನಯವಾದ ಭಾಗ) ಗಿಡ್ಡ ಇತ್ತು, ಮೂರನೇ ವಾರಕ್ಕೆ ವಸಡು ತಲೆಯನ್ನೇ ಮುಚ್ಚಿತ್ತು, ಹಲ್ಲು ಎಳೆಯುವ ಚೈನ್ ಹಾಕೋಕೆ ಜಾಗವೇ ಇಲ್ಲ. ವಸಡು ದಪ್ಪ ಇದ್ದರೆ ಕಾಲರ್ ಉದ್ದ ಇರೋದು ತಗೊಳ್ಳಿ. ಇನ್ನೊಂದು, ನನ್ನ ಹತ್ತಿರ ಇರುವ ಒಂದು ಕಂಪನಿಯ ಡ್ರೈವರ್ ಇನ್ನೊಂದರ ತಲೆಗೆ ಕೂರಲ್ಲ. ಡ್ರೈವರ್ ತುದಿಯ ಬ್ಲೇಡ್ ಸವೆದರೆ ಕೈ ಅಲ್ಲಾಡುತ್ತೆ, ತೂತು ದೊಡ್ಡದಾಗುತ್ತೆ. ಕಿಟ್ ಜೊತೆಗೇ ಒಂದು ಬ್ಲೇಡ್ ಜಾಸ್ತಿ ತರಿಸಿಬಿಡಿ.